ಮಡಿಕೇರಿಯ ಭಾನುವಾರದ ಜರ್ಮನ್ ಕ್ಲಾಸು: ಒಂದೂವರೆ ವರ್ಷ ಮಗಳನ್ನು ಕಳಿಸಿದ ಮೇಲೆ ಬರೆಯುತ್ತಿದ್ದೇನೆ

ಹೊರಗೆ ಹೆಸರಿನ ಬೋರ್ಡಿಲ್ಲ. ಮಹದೇವಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಉದ್ದನೆಯ ಒಂದು ಕೋಣೆ ಇದೆ. ಆರು ಬೆಂಚು, ಒಂದು ಕರಿಹಲಗೆ, ಒಂದು ಸಣ್ಣ ಸ್ಪೀಕರ್. ಅಷ್ಟೇ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ ಇಲ್ಲಿ ಜರ್ಮನ್ ಹೇಳಿಕೊಡುತ್ತಾರೆ. ಟೀಚರ್ ಹಲವು ವರ್ಷ ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಊರಿಗೆ ವಾಪಸ್ ಬಂದವರು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಈಗಿರುವ ಹದಿನಾಲ್ಕು ಜನಕ್ಕೇ ಬೆಂಚು ಸಾಲುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಒಂದು ಭಾಷೆಯನ್ನು ಮಕ್ಕಳಿಗೆ ಸರಿಯಾಗಿ ಕಲಿಸುವುದು ಅಂದರೆ ಏನು ಅಂತ ನಾನು ಮೊದಲ ಸಲ ನೋಡಿದ್ದು ಇಲ್ಲಿ. ಇದು ಭಾನುವಾರದ ಟ್ಯೂಷನ್ ಆಗಿ ಉಳಿಯಬಾರದು, ನಮ್ಮ ಶಾಲೆಗಳ ಒಳಗೇ ಇರಬೇಕು ಅನ್ನಿಸಿದ್ದೂ ಇಲ್ಲಿಯೇ.

ನಾವು ಮೂರ್ನಾಡು ಕಡೆಯವರು. ಸಣ್ಣ ತೋಟ, ಮನೆಯಲ್ಲಿ ಆಡುವುದು ಅರೆಭಾಷೆ, ಕನ್ನಡಕ್ಕೆ ಹತ್ತಿರದ ಈ ಕಡೆಯ ಮಾತು. ಮಗಳು ಈಗ ಒಂಬತ್ತನೇ ಕ್ಲಾಸು.

ಇಲ್ಲಿಗೆ ಬರುವ ಮೊದಲಿನ ಕಥೆ ಹೇಳಲೇಬೇಕು. ಅವಳು ಮೊದಲು ಓದುತ್ತಿದ್ದ ಶಾಲೆಯಲ್ಲಿ, ಯಾವ ಶಾಲೆ ಅನ್ನುವುದು ಬೇಡ, ಆರನೇ ಕ್ಲಾಸಿನಲ್ಲಿ ಫ್ರೆಂಚ್ ಶುರು ಮಾಡಿದರು. ಅಡ್ಮಿಷನ್ ಸಮಯದ ಪಾಂಪ್ಲೆಟ್‌ನಲ್ಲಿ ದೊಡ್ಡದಾಗಿ ಹಾಕಿದ್ದರು. ನಾವೂ ಖುಷಿಯಾಗಿ ಸೇರಿಸಿದೆವು. ಇಂಗ್ಲಿಷ್ ಟೀಚರೇ ಫ್ರೆಂಚ್ ಟೀಚರ್. ಪಾಪ, ಅವರಿಗೆ ಬಂದಷ್ಟು ಹೇಳಿಕೊಟ್ಟರು, ಅವರನ್ನು ದೂರಿ ಏನು ಫಲ. ಪುಸ್ತಕದಲ್ಲಿ ಇದ್ದದ್ದನ್ನು ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಕಾಪಿ ಮಾಡುವುದು, ಪರೀಕ್ಷೆಗೆ ಬಿಟ್ಟ ಸ್ಥಳ ತುಂಬುವುದು. 'ಸ್ಕೋರಿಂಗ್ ಸಬ್ಜೆಕ್ಟ್' ಅಂತಲೇ ಎಲ್ಲರೂ ಹೇಳುತ್ತಿದ್ದರು. ಏಳನೇ ಕ್ಲಾಸಿನ ಕೊನೆಗೆ ನನ್ನ ಮಗಳಿಗೆ ನೂರಕ್ಕೆ 94 ಬಂತು.

ಆ ರಜೆಯಲ್ಲಿ ಕಕ್ಕಬ್ಬೆ ಹತ್ತಿರ ನನ್ನ ನಾದಿನಿಯ ಹೋಂಸ್ಟೇಗೆ ಹೋಗಿದ್ದೆವು. ತಡಿಯಂಡಮೋಳ್ ಹತ್ತಲು ಬಂದಿದ್ದ ಫ್ರಾನ್ಸಿನ ಗಂಡ ಹೆಂಡತಿ ಅಲ್ಲಿದ್ದರು. ನಾದಿನಿ ಹೆಮ್ಮೆಯಿಂದ "ನಮ್ಮ ಹುಡುಗಿಗೆ ಫ್ರೆಂಚ್ ಬರುತ್ತೆ" ಅಂದುಬಿಟ್ಟಳು. ಆ ಹೆಂಗಸು ಪ್ರೀತಿಯಿಂದ ಮಗಳ ಕಡೆ ಬಗ್ಗಿ "ತೂ ತಾಪೆಲ್ ಕೊಮ್ಮಾಂ?" ಅಂದರು. ನಿನ್ನ ಹೆಸರೇನು ಅಂತ. ಎರಡು ವರ್ಷದಲ್ಲಿ ಕಲಿತ ಮೊದಲ ಪಾಠದ ಮೊದಲ ಸಾಲು ಅದು. ಮಗಳಿಗೆ ಅರ್ಥವಾಗಲಿಲ್ಲ. ಕಣ್ಣು ತುಂಬಿಕೊಂಡು ಅಡುಗೆ ಮನೆಗೆ ಹೋದಳು. ಆಮೇಲೆ ನೋಟ್ಸ್ ತೆಗೆದು ನೋಡಿದರೆ ಆ ಸಾಲು ಅಲ್ಲೇ ಇದೆ, ಮುದ್ದಾದ ಅಕ್ಷರದಲ್ಲಿ, ಟಿಕ್ ಮಾರ್ಕ್ ಸಮೇತ. ವಿಷಯ ಏನೆಂದರೆ ಆ 'ಕೊಮ್ಮಾಂ' ಅನ್ನುವ ಪದವನ್ನು ಕ್ಲಾಸಿನಲ್ಲಿ ಎರಡು ವರ್ಷವೂ ಇಂಗ್ಲಿಷಿನ ಥರ 'ಕಾಮೆಂಟ್' ಎಂದೇ ಓದಿಸಿದ್ದರು. ಕಾಗುಣಿತ ಅದೇ ನೋಡಿ. ಆ ಮಾತನ್ನು ಅವಳು ಒಂದು ದಿನವೂ ಕಿವಿಯಲ್ಲಿ ಕೇಳಿರಲಿಲ್ಲ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಟೀಚರ್ ಬಿಟ್ಟುಹೋದರು, ಫ್ರೆಂಚ್ ನಿಂತಿತು. ಯಾಕೆ ಅಂತ ಯಾರೂ ಹೇಳಲಿಲ್ಲ, ಪೇರೆಂಟ್ಸ್ ಮೀಟಿಂಗ್‌ನಲ್ಲಿ ನಾನು ಒಬ್ಬಳೇ ಕೇಳಿದ್ದು. ಮಗಳಂತೂ ಇನ್ನು ನನಗೆ ಭಾಷೆ ಹತ್ತಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದಳು. ಅದು ನನಗೆ ತುಂಬಾ ಸಂಕಟ ಆಯಿತು. ಅರೆಭಾಷೆ, ಕನ್ನಡ, ಕೊಡವರ ಮಾತಾದ ಕೊಡವ ತಕ್ಕ್, ಇಂಗ್ಲಿಷ್ ಇಷ್ಟನ್ನೂ ದಿನವಿಡೀ ಆಡುವ ಹುಡುಗಿ ಹಾಗೆ ಹೇಳಿದರೆ?

ಹಾಗಾಗಿ ಈ ಕ್ಲಾಸಿಗೆ ಮೊದಲ ದಿನ ಅವಳ ಜೊತೆ ನಾನೂ ಹೋಗಿ ಹಿಂದೆ ಕೂತೆ. ಟೀಚರ್ ಬೇಡ ಅನ್ನಲಿಲ್ಲ.

ಮೊದಲ ತಿಂಗಳು ನೋಟ್ ಬುಕ್ಕೇ ಇಲ್ಲ. ತರಬೇಡಿ ಎಂದರು. ಬರೀ ಕೇಳುವುದು, ಹೇಳುವುದು. ಬಾಗಿಲಲ್ಲಿ ಟೀಚರ್ ನಿಂತಿರುತ್ತಾರೆ, ಒಂದು ಮಾತು ಜರ್ಮನ್‌ನಲ್ಲಿ ಆಡದೆ ಯಾರೂ ಒಳಗೆ ಹೋಗುವಂತಿಲ್ಲ. ಮೊದಲ ವಾರ 'ಗೂಟನ್ ಮೋರ್ಗನ್' ಸಾಕು. ಮುಂದಿನ ವಾರ ಹೆಸರು ಸೇರಬೇಕು. ಆಮೇಲೆ ಯಾವ ಊರಿಂದ ಬಂದೆ, ಯಾವ ಬಸ್ಸಿನಲ್ಲಿ ಬಂದೆ, ಬೆಳಿಗ್ಗೆ ಏನು ತಿಂದೆ. ತಪ್ಪಾದರೆ ತಿದ್ದಿ ಇನ್ನೊಮ್ಮೆ ಹೇಳಿಸುತ್ತಾರೆ, ಗದರುವುದಿಲ್ಲ. ಮೂರನೇ ತಿಂಗಳಿಗೆ ಮಡಿಕೇರಿಯ ನಕ್ಷೆಯನ್ನು ಹಲಗೆಯ ಮೇಲೆ ಬಿಡಿಸಿ, ರಾಜಾಸೀಟಿನಿಂದ ಜನರಲ್ ತಿಮ್ಮಯ್ಯ ಸರ್ಕಲ್‌ಗೆ ಹೇಗೆ ಹೋಗಬೇಕು ಹೇಳು, ಅಲ್ಲಿಂದ ಓಂಕಾರೇಶ್ವರ ದೇವಸ್ಥಾನಕ್ಕೆ ಹೇಳು ಅಂದರು. ಎಡಕ್ಕೆ 'ಲಿಂಕ್ಸ್', ಬಲಕ್ಕೆ 'ರೆಶ್ಟ್ಸ್', ನೇರ ಹೋಗಿ ಅಂದರೆ 'ಗೆರಾಡೆಔಸ್'. ಮಕ್ಕಳು ತಮಗೆ ಗೊತ್ತಿರುವ ಬೀದಿಯಲ್ಲೇ ನಡೆಯುತ್ತಾರೆ, ಮಾತು ಮಾತ್ರ ಹೊಸದು. ಶುಕ್ರವಾರದ ಸಂತೆಯ ಆಟ ಆಡಿಸುವಾಗಲೂ ಅಷ್ಟೇ. ಕಿತ್ತಳೆ, ಮೆಣಸು, ಬಾಳೆಹಣ್ಣು, ಚೌಕಾಸಿ. ಪುಸ್ತಕದಲ್ಲಿರುವ ಬರ್ಲಿನ್ ರೈಲ್ವೆ ಸ್ಟೇಷನ್ ಪಾಠ ಆಮೇಲೆ ಬಂತು.

ನನಗೆ ಮರೆಯಲಾಗದ ಒಂದು ಕ್ಲಾಸು ಇದೆ. ಜುಲೈ ತಿಂಗಳು. ನಮ್ಮೂರಿನ ಜುಲೈ ಗೊತ್ತಲ್ಲ, ಶೀಟಿನ ಮೇಲೆ ಮಳೆ ಕುಟ್ಟುತ್ತಿತ್ತು, ಕರೆಂಟಿಲ್ಲ, ಎಲ್ಲರೂ ಸ್ವೆಟರ್ ಹಾಕಿ ಮುದುಡಿ ಕೂತಿದ್ದರು. ಒಬ್ಬ ಹುಡುಗ ಚಳಿಯಾಗುತ್ತಿದೆ ಎನ್ನಲು "ಇಶ್ ಬಿನ್ ಕಾಲ್ಟ್" ಅಂದ. ಇಂಗ್ಲಿಷಿನ 'ಐ ಆಮ್ ಕೋಲ್ಡ್' ಅನ್ನು ಪದಕ್ಕೆ ಪದ ಇಟ್ಟು ಮಾಡಿದ್ದು. ಟೀಚರ್ ಅಲ್ಲ ಅಂದರು. ಇಂಗ್ಲಿಷ್ ಬಿಡು, ಕನ್ನಡದಲ್ಲಿ ಹೇಳು ಅಂದರು. "ನನಗೆ ಚಳಿ." ನಾನು ಚಳಿ ಅಂತೀಯಾ? ಇಲ್ಲ. ನನಗೆ. ಸರಿ, ಜರ್ಮನ್‌ನಲ್ಲೂ 'ನನಗೆ' ಅನ್ನಬೇಕು, "ಮಿಯರ್ ಇಸ್ಟ್ ಕಾಲ್ಟ್" ಅಂದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮ ಮನೆಯಲ್ಲಿ 'ನನಗೆ' ಅನ್ನುವುದಕ್ಕೆ ಏನಂತೀರಿ ಎಂದು ಕೇಳುತ್ತಾ ಹಲಗೆಯ ಮೇಲೆ ಬರೆಯುತ್ತಾ ಹೋದರು. ಕೊಡವ ತಕ್ಕ್‌ನಲ್ಲಿ ನಾಕ್. ನಮ್ಮ ಅರೆಭಾಷೆಯಲ್ಲಿ ನಂಗೆ. ಮಲಯಾಳದಲ್ಲಿ ಎನಿಕ್ಕ್. ತುಳುವಿನಲ್ಲಿ ಎಂಕ್. ಕೊಂಕಣಿಯಲ್ಲಿ ಮ್ಹಾಕಾ. ಮನೆಯಲ್ಲಿ ಯರವ ಮಾತಾಡುವ ಒಬ್ಬ ಹುಡುಗ, ಸರ್ಕಾರಿ ಹೈಸ್ಕೂಲಿನವನು, ಎದ್ದು ನಮ್ಮಲ್ಲೂ ಹೀಗೇ ಅಂದ, ಅವನದ್ದೂ ಸೇರಿತು. ಎಲ್ಲದರ ಕೆಳಗೆ 'ಮಿಯರ್'. ಪಕ್ಕದಲ್ಲಿ ಒಂಟಿಯಾಗಿ ಇಂಗ್ಲಿಷಿನ 'ಐ'.

ಹಲಗೆಯನ್ನು ನೋಡುತ್ತಾ ನನಗೇ ಮೈ ಜುಮ್ಮೆಂದಿತು. ಹಸಿವಾದರೆ, ಚಳಿಯಾದರೆ, ಇಷ್ಟವಾದರೆ 'ನನಗೆ' ಅನ್ನುತ್ತೇವೆ ಅನ್ನುವುದನ್ನು ನಲವತ್ತು ವರ್ಷ ಕನ್ನಡ ಮಾತಾಡಿಯೂ ನಾನು ಗಮನಿಸಿರಲಿಲ್ಲ. ಜರ್ಮನ್ ಕಲಿಯಲು ಹೋದ ಮಕ್ಕಳು ಅವತ್ತು ಕನ್ನಡ ಕಲಿತು ಬಂದರು. ಚತುರ್ಥಿ ವಿಭಕ್ತಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದೇನಾ ಅಮ್ಮ ಅಂತ ಮಗಳು ಬಸ್ಸಿನಲ್ಲಿ ಕೇಳಿದಳು. ಇದೇ ಕಣೇ ಅಂದೆ.

ಆಮೇಲೆ ಇಂಥದ್ದು ಇನ್ನೂ ಸಿಕ್ಕವು. ನೀನು, ನೀವು ಅನ್ನುವ ಎರಡು ಜರ್ಮನ್‌ನಲ್ಲೂ ಇವೆ, 'ಡು' ಮತ್ತು 'ಝೀ'. ಇಂಗ್ಲಿಷಿನಲ್ಲಿ ಅಜ್ಜನಿಗೂ ನಾಯಿಗೂ ಒಂದೇ 'ಯು'. ಯಾರಿಗೆ ಯಾವುದು ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲೇ ಇಲ್ಲ. 'ವೈಲ್' ಅಂದರೆ ಯಾಕೆಂದರೆ. ಅದು ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ, 'ವೈಲ್ ಇಶ್ ಕ್ರಾಂಕ್ ಬಿನ್', ನಾನು ಹುಷಾರಿಲ್ಲದೆ ಇರುವುದರಿಂದ. ಇಂಗ್ಲಿಷಿನಿಂದ ಬಂದವರಿಗೆ ಇದು ತಲೆನೋವು. ನಮಗೆ ಮಾತಿನ ಕೊನೆಯಲ್ಲಿ ಕ್ರಿಯಾಪದ ಹೊಸದೇನಲ್ಲ. ಇನ್ನು 'ಊ' ಎನ್ನುವ ಹಾಗೆ ತುಟಿ ಇಟ್ಟುಕೊಂಡು 'ಈ' ಎನ್ನಬೇಕಾದ ಒಂದು ಸ್ವರ ಇದೆಯಲ್ಲ, ಅದನ್ನು ಕೊಡವ ಮಕ್ಕಳು ಬೇಗ ಹಿಡಿದರು. ಅವರ ಮಾತಿನಲ್ಲಿ ಕನ್ನಡ ಲಿಪಿಗೆ ಸಿಗದ ಸ್ವರಗಳು ಮೊದಲೇ ಇವೆ, ಬಾಯಿ ಪಳಗಿದೆ. ಸ್ವರ ಅದೇ ಅಲ್ಲ, ಆದರೆ ಹೊಸ ಸದ್ದಿಗೆ ಅವರು ಹೆದರುವುದಿಲ್ಲ.

ಕೊರತೆಗಳೂ ಇವೆ, ಹೇಳುತ್ತೇನೆ.

ಒಂದನೆಯದು, ವಯಸ್ಸು. ಹನ್ನೆರಡರ ಮಕ್ಕಳ ಜೊತೆ ಇಪ್ಪತ್ತಮೂರರ ಇಬ್ಬರು ನರ್ಸಿಂಗ್ ಹುಡುಗಿಯರು ಕೂರುತ್ತಾರೆ. ಅವರ ಅವಸರವೇ ಬೇರೆ. ಅವರು ಜರ್ಮನಿಗೆ ಹೋಗಬೇಕು, ಅಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಬೇಕೆಂದರೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಎ1, ಎ2, ಬಿ1 ಮೂರು ಮೆಟ್ಟಿಲು ದಾಟಿ ನಾಲ್ಕನೆಯದು. ಟೀಚರ್ ಹೇಳಿಕೊಡುವುದು ಎ2ವರೆಗೆ ಮಾತ್ರ. ಮುಂದಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು, ಇಲ್ಲ ಆನ್‌ಲೈನ್. ಎರಡನೆಯದು, ಬರವಣಿಗೆ ಸಾಲದು. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಮೂರರಲ್ಲಿ ಒಂದು ಲಿಂಗ. ನಮ್ಮ ಕನ್ನಡದಲ್ಲಿ ಅರ್ಥ ನೋಡಿ ಹೇಳಬಹುದು, ಅಲ್ಲಿ ಹಾಗಿಲ್ಲ. ಹುಡುಗಿ ಅನ್ನುವ 'ಮೇಡ್‌ಶೆನ್' ಪದವೇ ನಪುಂಸಕ ಲಿಂಗ. ಮೇಜು ಗಂಡು, ದೀಪ ಹೆಣ್ಣು. ಇದಕ್ಕೆ ಬರೆದು ಬರೆದೇ ಅಭ್ಯಾಸ ಆಗಬೇಕು. ವಾರಕ್ಕೆ ಎರಡೂವರೆ ಗಂಟೆಯಲ್ಲಿ ಅದಕ್ಕೆ ಸಮಯ ಉಳಿಯುವುದಿಲ್ಲ. ಮಗಳು ಈಗಲೂ ಇದರಲ್ಲಿ ತಡವರಿಸುತ್ತಾಳೆ. ಮಳೆಗಾಲದಲ್ಲಿ ಆ ಸಣ್ಣ ಸ್ಪೀಕರ್ ಸದ್ದು ಹಿಂದಿನ ಬೆಂಚಿಗೆ ಕೇಳುವುದೇ ಇಲ್ಲ. ಕೇಳುವ ಪಾಠಕ್ಕೆ ಇದು ದೊಡ್ಡ ತೊಂದರೆ, ಸ್ವಲ್ಪ ದೊಡ್ಡ ಸ್ಪೀಕರ್ ತರಬಹುದು. ಶೌಚಾಲಯ ಕೆಳಗಿನ ಅಂಗಡಿಯದ್ದು, ಕೀ ಕೇಳಿ ತರಬೇಕು, ಹೆಣ್ಣು ಮಕ್ಕಳಿಗೆ ಮುಜುಗರ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ಅರ್ಧ ಮಕ್ಕಳು ಬರುವುದಿಲ್ಲ, ಬಿಟ್ಟ ಪಾಠವನ್ನು ಮತ್ತೆ ಮಾಡುವ ಏರ್ಪಾಡಿಲ್ಲ.

ಫೀಸು ಆರು ತಿಂಗಳಿಗೆ 6,500 ರೂಪಾಯಿ, ಪುಸ್ತಕ ಬೇರೆ. ಕಂತಿನಲ್ಲಿ ಕೊಡಬಹುದು. ಸರ್ಕಾರಿ ಶಾಲೆಯ ಇಬ್ಬರಿಂದ ಫೀಸು ತೆಗೆದುಕೊಳ್ಳುತ್ತಿಲ್ಲ ಎಂದು ನನಗೆ ತಡವಾಗಿ ಗೊತ್ತಾಯಿತು. ಬಸ್ಸಿನ ಖರ್ಚು ಸೇರಿಸಿಕೊಳ್ಳಿ. ಸರ್ಕಾರಿ ಬಸ್ ಸಿಕ್ಕಿದರೆ ಶಕ್ತಿ ಯೋಜನೆಯಲ್ಲಿ ನನಗೂ ಮಗಳಿಗೂ ಟಿಕೆಟ್ಟಿಲ್ಲ, ಆದರೆ ನಮ್ಮ ರೂಟಿನಲ್ಲಿ ಭಾನುವಾರ ಖಾಸಗಿ ಬಸ್ಸೇ ಜಾಸ್ತಿ.

ಕಳೆದ ಚಳಿಗಾಲ ಪರೀಕ್ಷೆಗೆ ಬೆಂಗಳೂರಿಗೆ ಕರೆದುಕೊಂಡು ಹೋದೆ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಗೋಯೆಥೆ ಇನ್‌ಸ್ಟಿಟ್ಯೂಟ್ ಇದೆ, ಮ್ಯಾಕ್ಸ್ ಮುಲ್ಲರ್ ಭವನ ಅಂದರೆ ಜನಕ್ಕೆ ಬೇಗ ಗೊತ್ತಾಗುತ್ತದೆ. ಮಕ್ಕಳಿಗೆಂದೇ ಎ1 ಪರೀಕ್ಷೆ ಇದೆ, 'ಫಿಟ್ ಇನ್ ಡಾಯ್ಚ್ 1' ಅಂತ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕೂ ಇರುತ್ತವೆ. ಮಾತಿನ ಭಾಗದಲ್ಲಿ ಮಕ್ಕಳನ್ನು ಗುಂಪಾಗಿ ಕೂರಿಸುತ್ತಾರೆ. ತಮ್ಮ ಪರಿಚಯ ಹೇಳಬೇಕು, ಚೀಟಿ ಎತ್ತಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಬೇಕು, ಉತ್ತರ ಕೊಡಬೇಕು. ಹೊರಗೆ ಬಂದ ಮಗಳ ಮುಖ ನೋಡಿಯೇ ಗೊತ್ತಾಯಿತು. "ಅವರು ಹೇಳಿದ್ದು ನನಗೆ ಕೇಳಿಸಿತು ಅಮ್ಮ" ಅಂದಳು. ಮಾರ್ಕ್ಸು ಎಷ್ಟು ಬರಬಹುದು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಪಾಸಾದ ಸರ್ಟಿಫಿಕೇಟ್ ಬಂತು. ನಮ್ಮ ಶಾಲೆಗಳ ಭಾಷಾ ಪರೀಕ್ಷೆಯಲ್ಲಿ ಮಾತಿಗೆ ಎಷ್ಟು ಬೆಲೆ ಇದೆ ಯೋಚನೆ ಮಾಡಿ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆ ಬರೆದ ಮಗು ಮೂರರಲ್ಲಿ ಒಂದರಲ್ಲಾದರೂ ಅಪರಿಚಿತರ ಎದುರು ನಾಲ್ಕು ನಿಮಿಷ ಮಾತಾಡಿದ್ದನ್ನು ನೋಡಿದ್ದೀರಾ?

ಇನ್ನೊಂದು ಮಾತು. ನಮ್ಮ ಪಕ್ಕದ ತೋಟದ ಅಜ್ಜ, ಕೊಡವರು, ಪುತ್ತರಿ ಹಬ್ಬದ ಸಮಯದಲ್ಲಿ ಮನೆಗೆ ಬಂದಾಗ ಮಗಳ ಪುಸ್ತಕ ನೋಡಿ ಬೇಸರದಿಂದ ಹೇಳಿದರು: "ನಮ್ಮ ಮೊಮ್ಮಕ್ಕಳಿಗೆ ತಕ್ಕ್ ಬರಲ್ಲ ಮಗಳೇ, ನೀವು ಜರ್ಮನ್ ಕಲಿಸ್ತಿದ್ದೀರಿ." ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದವರು 1,13,857 ಜನ. ಅಷ್ಟೇ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಅದಿದೆ. ನಮ್ಮ ಅರೆಭಾಷೆಯನ್ನು ಎಷ್ಟೋ ಜನ ಭಾಷೆ ಅಂತಲೇ ಒಪ್ಪುವುದಿಲ್ಲ. ಕೊಡವಕ್ಕೂ ಅರೆಭಾಷೆಗೂ ಮಡಿಕೇರಿಯಲ್ಲಿ ಅಕಾಡೆಮಿಗಳಿವೆ, ಆದರೆ ಮನೆಯಲ್ಲಿ ಮಾತಾಡದಿದ್ದರೆ ಅಕಾಡೆಮಿ ಎಷ್ಟು ಅಂತ ಹೊರುತ್ತದೆ?

ಆದರೆ ಅಜ್ಜನಿಗೆ ನಾನು ಹೇಳಿದ್ದು ಇದು. ತಕ್ಕ್ ಜಾಗವನ್ನು ತಿಂದದ್ದು ಜರ್ಮನ್ ಅಲ್ಲ. ಮನೆ ಮಾತು ಆಡಿದರೆ ಇಂಗ್ಲಿಷ್ ಹಾಳಾಗುತ್ತದೆ ಎಂದು ನಮಗೆ ಹೆದರಿಸಿದ್ದು ತಿಂದಿದೆ. ನನ್ನ ಅಕ್ಕನ ಮಕ್ಕಳ ಶಾಲೆಯಲ್ಲಿ ಆಟದ ಮೈದಾನದಲ್ಲಿ ಕನ್ನಡ ಆಡಿದರೂ ಹತ್ತು ರೂಪಾಯಿ ದಂಡ ಹಾಕುತ್ತಿದ್ದರು. ಒಂದು ಭಾಷೆಗಾಗಿ ಮಿಕ್ಕಿದ್ದೆಲ್ಲ ಬಿಡಿ ಅನ್ನುವುದು ಒಂದು ದಾರಿ. ಮಗುವಿಗೆ ಬರುವ ಭಾಷೆಗಳ ಮೇಲೆಯೇ ಇನ್ನೊಂದನ್ನು ಕಟ್ಟುವುದು ಇನ್ನೊಂದು ದಾರಿ. ಈ ಕ್ಲಾಸು ಎರಡನೆಯದು. ಹೋಮ್‌ವರ್ಕ್ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಒಂದು ವಾರ ಮಳೆಗೆ ಸಂಬಂಧಪಟ್ಟ ಪದಗಳು, ಒಂದು ವಾರ ನೆಂಟಸ್ತಿಕೆ, ಒಂದು ವಾರ ಅಡುಗೆ ಮನೆ. ಪುಟಕ್ಕೆ ನಾಲ್ಕು ಕಂಬಸಾಲು: ಜರ್ಮನ್, ಇಂಗ್ಲಿಷ್, ಕನ್ನಡ, ಮನೆ ಮಾತು. ನಾಲ್ಕನೆಯದನ್ನು ಮನೆಯ ಹಿರಿಯರನ್ನು ಕೇಳಿಯೇ ತುಂಬಬೇಕು. ನಮ್ಮ ಅತ್ತೆ ಈಗ ಶನಿವಾರ ಸಂಜೆ ಮೊಮ್ಮಗಳಿಗಾಗಿ ಕಾಯುತ್ತಾರೆ. ಜಡಿಮಳೆಗೆ ಒಂದು ಪದ, ಬಿಟ್ಟು ಬಿಟ್ಟು ಬರುವುದಕ್ಕೆ ಇನ್ನೊಂದು, ಮಂಜಿನ ಜೊತೆ ಉದುರುವುದಕ್ಕೆ ಮತ್ತೊಂದು. ಜರ್ಮನ್ ಸಾಲಿನಲ್ಲಿ 'ರೇಗನ್' ಅಂತ ಒಂದೇ ಪದ ಬರೆದು, ಮನೆ ಮಾತಿನ ಸಾಲಿನಲ್ಲಿ ಜಾಗ ಸಾಲದೆ ಅಂಚಿಗೆ ಹೋಗಿದ್ದಾಳೆ ಮಗಳು. ಆ ಪುಟವನ್ನು ನಾನು ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ.

ನಮ್ಮ ಜಿಲ್ಲೆಗೂ ಜರ್ಮನ್ ಭಾಷೆಗೂ ಹಳೆಯ ನಂಟಿದೆ, ಅದನ್ನೂ ಟೀಚರ್ ಹೇಳಿದ್ದರಿಂದಲೇ ನನಗೆ ಗೊತ್ತಾಗಿದ್ದು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಜರ್ಮನಿಯವರು, ಆಮೇಲೆ ಕೊಡಗಿನಲ್ಲೂ ಇದ್ದರು. 19ನೇ ಶತಮಾನದಲ್ಲಿ ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದ ಜಿ. ರಿಕ್ಟರ್ ಕೂಡ ಜರ್ಮನ್ ಮಿಷನರಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಬಗ್ಗೆ ಹೇಳಬೇಕಾದ್ದೇ ಇಲ್ಲ. ಅವರು ಬಂದ ಉದ್ದೇಶ ಧರ್ಮಪ್ರಚಾರ, ಅದು ನಿಜ. ಆದರೆ ದೊಡ್ಡವರಾದ ಮೇಲೆ ನಮ್ಮ ಭಾಷೆಯನ್ನು ನಿಘಂಟು ಬರೆಯುವಷ್ಟು ಕಲಿತರು. ಭಾಷೆ ಕಲಿಯುವುದು ಕೆಲವರಿಗೆ ಮಾತ್ರ ಬರುವ ವಿದ್ಯೆ ಅಂತ ನಮ್ಮ ಮಕ್ಕಳ ತಲೆಯಲ್ಲಿ ಯಾಕೆ ಕೂರಿಸಬೇಕು?

ಶಾಲೆಗಳ ವಿಷಯಕ್ಕೆ ಬರುತ್ತೇನೆ, ನಾನು ಇಷ್ಟು ಉದ್ದ ಬರೆಯುತ್ತಿರುವುದೇ ಅದಕ್ಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆ ಹಂತದಲ್ಲಿ ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಕಲಿಯಲು ಅವಕಾಶ ಕೊಡಬೇಕು ಅಂತ ಹೆಸರು ಹೇಳಿ ಬರೆದಿದ್ದಾರೆ. ಯುರೋಪಿನ ದೇಶಗಳು 2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ, ಪ್ರತಿ ಮಗುವಿಗೂ ಮಾತೃಭಾಷೆಯ ಜೊತೆ ಇನ್ನೆರಡು ಭಾಷೆ ಚಿಕ್ಕಂದಿನಿಂದಲೇ ಬರಬೇಕು ಅಂತ ಗುರಿ ಇಟ್ಟುಕೊಂಡವು. ನಮ್ಮ ಸಿದ್ದಾಪುರದಲ್ಲಿ ತೋಟದ ಕೆಲಸಗಾರರ ಲೈನ್ ಮನೆಯ ಮಗು ಅದನ್ನು ಶಾಲೆಗೆ ಸೇರುವ ಮೊದಲೇ ದಾಟಿರುತ್ತದೆ. ಮನೆಯಲ್ಲಿ ಒಂದು, ಪಕ್ಕದ ಮನೆಯಲ್ಲಿ ಮಲಯಾಳವೋ ತಮಿಳೋ, ಅಂಗಡಿಯಲ್ಲಿ ಕನ್ನಡ. ಇದನ್ನು ನಾವು ಪ್ರತಿಭೆ ಅಂತ ಎಣಿಸುವುದೇ ಇಲ್ಲ. ಅಮೆರಿಕದಲ್ಲಿ ಎಷ್ಟೋ ಶಾಲೆಗಳು ಈಗ ವಿದೇಶಿ ಭಾಷೆ ಅನ್ನುವ ಬದಲು 'ವರ್ಲ್ಡ್ ಲ್ಯಾಂಗ್ವೇಜ್' ಅನ್ನುತ್ತವೆ. ಒಬ್ಬರಿಗೆ ವಿದೇಶಿಯಾದದ್ದು ಪಕ್ಕದ ಬೆಂಚಿನವರಿಗೆ ಮನೆ ಮಾತು ಆಗಿರಬಹುದು ನೋಡಿ. ನಮಗೆ ಆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಆದರೆ ಪಾಂಪ್ಲೆಟ್‌ಗಾಗಿ ಶುರು ಮಾಡಿ ಬಿಟ್ಟುಬಿಡುವುದಾದರೆ ಬೇಡ. ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು, ನನ್ನ ಮಗಳ ವಿಷಯದಲ್ಲಿ ಕಂಡಿದ್ದೇನೆ. 2014ರ ನವೆಂಬರ್‌ನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯಾಗಿದ್ದ ಜರ್ಮನ್ ಅನ್ನು ವರ್ಷದ ನಡುವೆ ನಿಲ್ಲಿಸಿ ಸಂಸ್ಕೃತ ತಂದರು. ಸಂಸ್ಕೃತ ಬೇಡ ಅಂತ ನಾನು ಹೇಳುತ್ತಿಲ್ಲ. ಎರಡು ಮೂರು ವರ್ಷ ಕಲಿತ ಮಗುವನ್ನು ಅರ್ಧ ದಾರಿಯಲ್ಲಿ ಇಳಿಸಬಾರದು ಅಂತ ಹೇಳುತ್ತಿದ್ದೇನೆ. ಶುರು ಮಾಡಿದರೆ ಹತ್ತನೇ ಕ್ಲಾಸಿನವರೆಗೆ ಇರಬೇಕು. ಕಲಿತ ಟೀಚರ್ ಇರಬೇಕು, ಬರೀ ಪುಸ್ತಕ ಹಿಡಿದವರಲ್ಲ. ಅಷ್ಟು ಟೀಚರ್‌ಗಳು ಎಲ್ಲಿ ಅಂತ ಕೇಳುತ್ತೀರಿ. ಕೊಡಗಿನಿಂದ ಹೊರದೇಶಕ್ಕೆ ಹೋಗಿ ದುಡಿದು ವಾಪಸ್ ಬಂದವರು ಎಷ್ಟು ಜನ ಇದ್ದಾರೆ, ಒಮ್ಮೆ ಎಣಿಸಿ ನೋಡಿ. ಅವರಿಗೆ ಕಲಿಸುವ ತರಬೇತಿ ಕೊಟ್ಟು, ಹತ್ತಿರದ ಮೂರು ಶಾಲೆಗೆ ಒಬ್ಬರು ಅಂತ ಹಂಚಿದರೆ ಆಗುತ್ತದೆ. ಮೂರ್ನಾಡು, ನಾಪೋಕ್ಲು, ವಿರಾಜಪೇಟೆ ಕಡೆಯ ಶಾಲೆಗಳು ಆಟೋಟಕ್ಕೆ ಒಟ್ಟು ಸೇರುವುದಿಲ್ಲವೇ. ಮತ್ತು ಇದು ಮೊದಲು ಸರ್ಕಾರಿ ಹೈಸ್ಕೂಲಿಗೆ ಬರಲಿ. 6,500 ಕೊಡುವ ನಮ್ಮಂಥವರು ಹೇಗೋ ದಾರಿ ಹುಡುಕುತ್ತೇವೆ.

ಕೆಲಸದ ಮಾತು ಬೇಕೆನ್ನುವವರಿಗೆ, ಆ ಇಬ್ಬರು ನರ್ಸಿಂಗ್ ಹುಡುಗಿಯರನ್ನು ನೋಡಿ ಎನ್ನುತ್ತೇನೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬಂದು ಕೂರುತ್ತಾರೆ. ಹದಿನೈದನೇ ವಯಸ್ಸಿಗೇ ಶಾಲೆಯಲ್ಲಿ ಎ2 ಮುಗಿಸಿದ್ದರೆ ಅವರಿಗೆ ಎಷ್ಟು ಹಗುರ ಆಗುತ್ತಿತ್ತು. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿ, ಜರ್ಮನಿಯೂ ದೊಡ್ಡ ಗಿರಾಕಿ. ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ಕೊಳ್ಳುವವರ ಭಾಷೆಯಲ್ಲಿ ಎರಡು ಮಾತಾಡಬಲ್ಲ ಹುಡುಗರು ಬೆಳೆಗಾರರ ಮನೆಯಲ್ಲಿ ಎಷ್ಟು ಜನ ಇದ್ದಾರೆ? ಕೆಲಸ ಒಂದೇ ಕಾರಣ ಅಲ್ಲ, ಆದರೆ ಅದೂ ಕಾರಣವೇ.

ಈ ಮೇ ತಿಂಗಳಲ್ಲಿ ಮತ್ತೆ ನಾದಿನಿಯ ಮನೆಗೆ ಹೋಗಿದ್ದೆವು. ಅಲ್ಲಿ ಜರ್ಮನಿಯ ಒಬ್ಬ ವಯಸ್ಸಾದ ಹೆಂಗಸು ಒಬ್ಬರೇ ಬಂದು ಉಳಿದಿದ್ದರು. ಈ ಸಲ ನಾದಿನಿ ಏನೂ ಹೇಳಲಿಲ್ಲ, ಹಿಂದಿನದು ನೆನಪಿತ್ತು. ಊಟಕ್ಕೆ ಪಂದಿಕರಿ, ಕಡಂಬುಟ್ಟು. ಮಾಂಸದ ಬಣ್ಣ ನೋಡಿ ಆ ಹೆಂಗಸು ಇಂಗ್ಲಿಷಿನಲ್ಲಿ ಇದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ನಾದಿನಿ ಕಾಚಂಪುಳಿ ಬಾಟಲಿ ತಂದು ತೋರಿಸಿದಳು, ಆದರೆ ಅದು ಏನು ಅಂತ ಹೇಳಲು ಅವಳಿಗೂ ನನಗೂ ಇಂಗ್ಲಿಷಿನಲ್ಲಿ ಪದ ಸಿಗಲಿಲ್ಲ. ಆಗ ಬಡಿಸುತ್ತಿದ್ದ ಮಗಳು ತಟ್ಟೆ ಹಿಡಿದುಕೊಂಡೇ ಮೆಲ್ಲಗೆ "ಎಸ್ಸಿಗ್, ಆಬರ್ ಶ್ವಾರ್ಟ್ಸ್" ಅಂದಳು. ವಿನಿಗರ್, ಆದರೆ ಕಪ್ಪು. ಆ ಹೆಂಗಸು ಚಮಚ ಕೆಳಗಿಟ್ಟರು. ಆಮೇಲೆ ಜರ್ಮನ್‌ನಲ್ಲಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಯಾವ ಹಣ್ಣಿನಿಂದ ಮಾಡುತ್ತೀರಿ ಎಂದು ಕೇಳಿದರು. ಪನಪುಳಿ ಹಣ್ಣಿಗೆ ಜರ್ಮನ್‌ನಲ್ಲಿ ಏನಂತಾರೆ ಅವಳಿಗೆ ಗೊತ್ತಿಲ್ಲ. ಕೈ ಹಿಡಿದು ಮರದ ಹತ್ತಿರ ಕರೆದುಕೊಂಡು ಹೋದಳು. ಅರ್ಧ ಗಂಟೆ ಬರಲಿಲ್ಲ. ಊಟ ತಣ್ಣಗಾಯಿತು, ನಾವು ಯಾರೂ ಕರೆಯಲಿಲ್ಲ.

ಸೇರಿಸುವವರಿಗೆ: ಹೊಸ ಬ್ಯಾಚು ಜೂನ್ ಎರಡನೇ ಭಾನುವಾರ ಶುರು. ಮಹದೇವಪೇಟೆಯಲ್ಲಿ 'ಜರ್ಮನ್ ಟೀಚರ್' ಅಂದರೆ ತೋರಿಸುತ್ತಾರೆ, ಏಪ್ರಿಲ್‌ನಲ್ಲೇ ಹೋಗಿ ಹೆಸರು ಕೊಟ್ಟುಬನ್ನಿ. ಆರನೇ ಕ್ಲಾಸಿಗಿಂತ ಚಿಕ್ಕವರನ್ನು ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ನೀವೂ ಜೊತೆಗೆ ಕೂತು ನೋಡಿ. ಮುಂದಿನ ಎರಡು ಬೆಂಚು ಕೇಳಿ ತೆಗೆದುಕೊಳ್ಳಿ, ಸ್ಪೀಕರ್ ಕೇಳುವುದು ಅಲ್ಲಿಗೆ ಮಾತ್ರ. ಕಿಟಕಿ ಪಕ್ಕದ್ದು ಬೇಡ, ಎರಚಲು ಹೊಡೆದು ಪುಸ್ತಕವೆಲ್ಲ ಒದ್ದೆಯಾಗುತ್ತದೆ.